ಹೊನ್ನಕ್ಕನ ಬಿಡುಮಾತು

ಕಟ್ಟೆ ಎದ್ದ ನೂರಾ ಒಂಬತ್ತನೆಯ ವರ್ಷ,
ಉಪ್ಪುಗಾಲದ ಕೊನೆಯ ತಿಂಗಳು, ಮೂವತ್ತನಾಲ್ಕನೆಯ ದಿನ,
ಅಂಕೋಲೆಯ ಮೇಲುತಡಿ

ಹಿಂದಿನ ಕಾಲದಲ್ಲಿ ಎಲ್ಲೋ ಇರುವ ಸಿಪಾಯಿಯವರಿಗೆ,

ನಮಸ್ಕಾರ. ಮೇಲೆ ಬರೆದ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ದೊಡ್ಡ ನೀರು ಇಳಿಯುವ ತನಕ ನಮ್ಮಲ್ಲಿ ಯಾರೂ ತಿಂಗಳು ಮುಗಿಯಿತು ಎನ್ನುವುದಿಲ್ಲ, ಅದಕ್ಕೇ ಕೆಲವು ತಿಂಗಳುಗಳು ಹೀಗೆ ಉದ್ದವಾಗಿಬಿಡುತ್ತವೆ. ನಿಮ್ಮ ಲೆಕ್ಕದಲ್ಲಿ ಇದು ಯಾವ ಇಸವಿಯೋ ನನಗೆ ಹೇಳಲು ಬರುವುದಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕಂಡರೆ ಬೇಸರ ಮಾಡಿಕೊಳ್ಳಬೇಡಿ. ಅವು ನಿಮ್ಮ ನಂತರ ಹುಟ್ಟಿದ ಮಾತುಗಳು. ಐದನೆಯ ಇಯತ್ತೆ ಮುಗಿಸಿದ ಮೇಲೆ ನಾನು ಓದಿದ್ದೆಲ್ಲ ಕಟ್ಟೆಯ ಗೋಡೆಯ ಮೇಲಿನ ಸೂಚನೆಗಳು, ಹಾಗಾಗಿ ನನ್ನ ಬರವಣಿಗೆ ಸೂಚನೆಯ ಹಾಗೆ ಕೇಳಿಸಿದರೂ ಕ್ಷಮಿಸಿ.

ಹಿಂದಿನವರಿಗೆ ಬರೆಯುವುದು ನಮ್ಮಲ್ಲಿ ರೂಢಿ. ಉಪ್ಪುಗಾಲ, ಅಂದರೆ ಸಮುದ್ರ ಏರುವ ಕಾಲ, ಮುಗಿಯುವಾಗ ಕಟ್ಟೆಗೆ ಹೊಸ ಮಣ್ಣು ಹಾಕುತ್ತೇವೆ. ಆಗ ಬೇಕಾದವರು ಒಂದು ಕಾಗದ ಬರೆದು, ಸುಟ್ಟ ಮಣ್ಣಿನ ಕೊಳವೆಯಲ್ಲಿಟ್ಟು, ಆ ಮಣ್ಣಿನೊಳಗೆ ಹುಗಿಯಬಹುದು. ಕಟ್ಟೆಯ ಅಡಿಯಲ್ಲಿ ನಿಮ್ಮ ಕಾಲದ ನೆಲವಿದೆ. ಟಾರು ರಸ್ತೆ, ಮನೆಗಳ ಹಾಸುಗಲ್ಲು, ಬಸ್ ನಿಲ್ದಾಣದ ಒಂದು ಸಿಮೆಂಟು ಬೆಂಚು ಎಲ್ಲ ಅಲ್ಲೇ ಇವೆ. ಮೇಲಿನಿಂದ ಹಾಕಿದ್ದು ಕೆಳಗಿನವರಿಗೆ ಮುಟ್ಟುತ್ತದೆ ಎಂದು ನಾವು ನಂಬಿದ್ದೇವೆ. ಹೆಚ್ಚಿನವರು ತಮ್ಮ ಮುತ್ತಜ್ಜಿಯ ಮುತ್ತಜ್ಜಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಕಾಲದಲ್ಲಿ ಸಿಪಾಯಿಯಾಗಿ ಸೇರಿ, ಆಮೇಲೆ ಓದಿ, ದಾದಿ ಅಧಿಕಾರಿಯಾದವರು ಇದ್ದರಂತೆ. ನಡುವೆ ಯಾವಾಗಲೋ ಅದು ನಿಂತುಹೋಯಿತು. ನಮ್ಮ ಹೊನ್ನಕ್ಕ ಅದನ್ನು ಮತ್ತೆ ಶುರುಮಾಡಿದಳು. ಈ ಹೊತ್ತಿನಲ್ಲಿ ನೀವು ಯಾವುದೋ ಬ್ಯಾರಕಿನ ಮಂಚದ ಮೇಲೆ ಪುಸ್ತಕ ಹಿಡಿದುಕೊಂಡು, ಹೋಗಲೋ ಬೇಡವೋ ಎಂದು ಕೂತಿದ್ದರೆ, ಅವಳ ಸಂಗತಿ ನಿಮಗೆ ತಿಳಿದಿರಬೇಕು ಅನ್ನಿಸಿತು.

ನಮ್ಮ ಸೈನ್ಯದ ಹೆಸರು ತಡಿಪಡೆ. ನಮ್ಮ ಬಳಿ ಬಂದೂಕಿಲ್ಲ. ನಾವು ಕಾಯುವುದು ಕಟ್ಟೆಯನ್ನು, ಎದುರಿಸುವುದು ನೀರನ್ನು. ಆದರೂ ನಿಮ್ಮಲ್ಲಿದ್ದ ಹಾಗೆಯೇ ಸಿಪಾಯಿ, ನಾಯಕ, ಹವಾಲ್ದಾರ ಇದ್ದಾರೆ, ಮೇಲೆ ಲೆಫ್ಟಿನೆಂಟು, ಕ್ಯಾಪ್ಟನ್ನು ಇದ್ದಾರೆ. ಕಟ್ಟೆ ಎಲ್ಲಾದರೂ ಒಡೆದರೆ ಶಂಖ ಊದುತ್ತಾರೆ. ನಾವು ಆ ಬಿರುಕಿಗೆ ಇಳಿದು, ಸಮುದ್ರಕ್ಕೆ ಬೆನ್ನು ಕೊಟ್ಟು, ಒಬ್ಬರ ಮಣಿಕಟ್ಟು ಒಬ್ಬರು ಹಿಡಿದು ಸಾಲಾಗಿ ನಿಲ್ಲುತ್ತೇವೆ. ಇದಕ್ಕೆ ಕೈಸಾಲು ಎನ್ನುತ್ತಾರೆ. ನಮ್ಮ ಮೈ ನೀರಿನ ರಭಸವನ್ನು ತಡೆದಿರುವಷ್ಟು ಹೊತ್ತಿನಲ್ಲಿ, ನಮ್ಮ ಎದುರಿಗೆ ಮಣ್ಣಿನ ಚೀಲ ಹೊರುವವರು ಬಿರುಕು ಮುಚ್ಚಬೇಕು. ಕೈಸಾಲಿನ ನಿಯಮ ಒಂದೇ, ಹಿಡಿದ ಕೈ ಬಿಡಬಾರದು. ಪಕ್ಕದವರು ಬಿದ್ದರೂ ಬಿಡಬಾರದು, ಎದುರಿನವರು ಬಿದ್ದರೂ ಬಿಡಬಾರದು. ಒಂದು ಕೈ ಬಿಟ್ಟಲ್ಲಿಂದಲೇ ನೀರು ಸೀಳಿಕೊಂಡು ಬರುತ್ತದೆ. ಎದುರಿಗೆ ಊರಿದೆ. ಬಿಡು ಎಂದು ಹೇಳುವ ಅಧಿಕಾರ ಇರುವುದು ಲೆಫ್ಟಿನೆಂಟು ಮತ್ತು ಅವರಿಗಿಂತ ಮೇಲಿನವರಿಗೆ ಮಾತ್ರ. ಅವರು ಸಿಪಾಯಿಯ ಪೂರ್ತಿ ಹೆಸರು ಕರೆದು, ತಮ್ಮ ಹುದ್ದೆ ಮತ್ತು ಹೆಸರು ಹೇಳಿ, ಆಮೇಲೆ ‘ಕೈ ಬಿಡು’ ಎನ್ನಬೇಕು. ಅದಕ್ಕೆ ಬಿಡುಮಾತು ಎಂದು ಹೆಸರು. ಕಟ್ಟೆಯ ಬಿರುಕು ಪೂರ್ತಿ ಮುಚ್ಚಿದ ಮೇಲೆ ಮಾತ್ರ ನಾವು ಅದನ್ನು ಕೇಳಿದ್ದೆವು.

ನಮ್ಮ ದಿನಗಳು ಹೇಗಿರುತ್ತವೆ ಎಂದು ಸ್ವಲ್ಪ ಹೇಳುತ್ತೇನೆ. ಬೆಳಗಾಗುವಾಗ ಕಗ್ಗದ ಅಕ್ಕಿಯ ಗಂಜಿ ಕೊಡುತ್ತಾರೆ. ಉಪ್ಪುನೀರಿನಲ್ಲಿ ಬೆಳೆಯುವ ಆ ಭತ್ತ ನಿಮ್ಮ ಕಾಲದಲ್ಲೂ ಇತ್ತಂತೆ, ಅದನ್ನು ಉಳಿಸಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಕುಡಿಯುವ ನೀರು ಗುಡ್ಡದ ತಲೆಯ ಮಂಜುಬಲೆಗಳಿಂದ ಬರುತ್ತದೆ. ಅವು ಮಂಜನ್ನು ಹಿಡಿದು ಹನಿ ಮಾಡುವ ಬಲೆಗಳು. ಬಟ್ಟೆ ಪೂರ್ತಿ ಒಣಗುವುದೆಂದರೆ ನಮಗೆ ಹಬ್ಬ. ಗಂಜಿಯಾದ ಮೇಲೆ ಕೈಗುರುತು ಎಂಬ ಕವಾಯತು ನಡೆಯುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮರಳಿನ ಮೇಲೆ ಅಡ್ಡಾಡುತ್ತೇವೆ. ಕೈಗೆ ಸಿಕ್ಕ ಮಣಿಕಟ್ಟು ಯಾರದೆಂದು ಮುಟ್ಟಿಯೇ ತಿಳಿದು, ಸಾಲಿನಲ್ಲಿ ನಮ್ಮ ಜಾಗ ಹುಡುಕಿಕೊಳ್ಳಬೇಕು. ಸೇರಿದ ದಿನ ಎಲ್ಲಿ ನಿಲ್ಲಿಸಿದರೋ ಕೊನೆಯ ತನಕ ಅದೇ ಜಾಗ. ನಾನು ಸೇರಿದಾಗ, ಕಟ್ಟೆಯ ತೂಬಿನ ಕಡೆಯಿಂದ ಎಣಿಸಿದರೆ ಎರಡನೆಯವನು ನಾಯಕ ಜಟ್ಟಪ್ಪ ಹರಿಕಾಂತ, ಮೂರನೆಯವಳು ಹೊನ್ನಮ್ಮ ಅಂಬಿಗ, ಅಂದರೆ ನಮ್ಮ ಹೊನ್ನಕ್ಕ, ನಾಲ್ಕನೆಯವಳು ನಾನು. ನಿಮ್ಮವರು ರಜೆಯಲ್ಲಿ ಸಮುದ್ರ ನೋಡಲು ಬಂದು, ಅದರ ಕಡೆಗೆ ಮುಖ ಮಾಡಿ, ಸುಮ್ಮನೆ ಕೂತಿರುತ್ತಿದ್ದರಂತೆ. ಅದನ್ನು ನೆನೆದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ನಾನು ನಿಂತ ಜಾಗ ಮೊದಲು ಬೀರಮ್ಮ ಎಂಬವಳದಾಗಿತ್ತು. ಒಂದು ಉಪ್ಪುಗಾಲದಲ್ಲಿ ಅವಳು ಕೈಸಾಲಿನಲ್ಲಿಯೇ ತೀರಿಕೊಂಡಳು, ಹೊನ್ನಕ್ಕನ ಕೈ ಹಿಡಿದುಕೊಂಡೇ. ಮಣಿಕಟ್ಟು ಹಿಡಿದಾಗ ಬೆರಳು ನಾಡಿಯ ಮೇಲೆ ಕೂರುತ್ತದೆಂದು ನಿಮಗೆ ಗೊತ್ತು. ಬೀರಮ್ಮನ ನಾಡಿ ಓಡಿದ್ದು, ಎಡವಿದ್ದು, ಸಣ್ಣಗಾದದ್ದು, ಇಲ್ಲವಾದದ್ದು ಎಲ್ಲ ಹೊನ್ನಕ್ಕನ ಬೆರಳಿಗೆ ತಿಳಿಯಿತು. ನೀರು ನಿಲ್ಲುವ ತನಕ ಅವಳು ಆ ಕೈ ಬಿಡಲಿಲ್ಲ. ಅದಕ್ಕೆ ಅವಳಿಗೆ ಪದಕ ಕೊಟ್ಟರು. ಪದಕ ಕೊಟ್ಟ ದಿನವೇ ಅವಳು ಹೋಗಿ ದಾದಿಯಾಗಲು ಏನು ಓದಬೇಕೆಂದು ಕೇಳಿದಳಂತೆ.

ಆಗ ದಾದಿಯರೆಲ್ಲ ಮೇಲೂರಿನವರು. ಘಟ್ಟದ ಮೇಲೆ ನೀರು ಮುಟ್ಟದ ಪಟ್ಟಣಗಳನ್ನು ನಾವು ಹಾಗೆ ಕರೆಯುತ್ತೇವೆ. ಅಲ್ಲಿಯ ಶಾಲೆ ಮುಗಿಸಿ ನೇರವಾಗಿ ಲೆಫ್ಟಿನೆಂಟಾಗಿ ಬರುತ್ತಿದ್ದರು. ಸಾಲಿನಿಂದ ಒಬ್ಬರೂ ಹೋದದ್ದಿಲ್ಲ. ಹೊನ್ನಕ್ಕ ನಾಲ್ಕು ವರ್ಷ ಕವಾಯತಿನ ನಂತರದ ಬಿಡುವಿನಲ್ಲಿ ಓದಿದಳು. ಮೈಯ ಚಿತ್ರಪಟವನ್ನು ಒಣಮೀನಿನ ಹಗ್ಗಕ್ಕೆ ನೇತುಹಾಕಿಕೊಂಡು ಎಲುಬಿನ ಹೆಸರು ಬಾಯಿಪಾಠ ಮಾಡುತ್ತಿದ್ದಳು. ಚೀಲ ಹೊರುವ ಪರ್ಸು ಎಂಬವನು ಬಂದು ಆ ಚಿತ್ರಕ್ಕೆ ಸಲಾಮು ಹೊಡೆದು, “ಈ ಅಣ್ಣಂಗೆ ಊಟ ಹಾಕೂದಿಲ್ವೇನೇ ಹೊನ್ನಕ್ಕಾ, ಎಲುಬು ಕಾಣ್ತೇ ಅದೆ,” ಎನ್ನುತ್ತಿದ್ದ. ಕವಾಯತಿನಲ್ಲಿ ಅವಳು ನಮ್ಮ ನಾಡಿ ಹಿಡಿದು ತುಟಿಯಲ್ಲೇ ಎಣಿಸುತ್ತಿದ್ದಳು. ಜಟ್ಟಣ್ಣ ಸಿಟ್ಟಾಗುತ್ತಿದ್ದ.

“ಕೈ ಹಿಡಿ ಅಂದ್ರೆ ಹಿಡೀಬೇಕು. ನನ್ ಒಳಗೆ ಎಂತಾ ನಡೀತದೆ ಹೇಳಿ ನಿಂಗೆ ಎಂತಕೆ?”

“ನಿನ್ ಒಳಗೆ ಎಂತದೂ ನಡಿಯೂದಿಲ್ಲ ಜಟ್ಟಣ್ಣ. ಹೊತ್ತೊತ್ತಿಗೆ ಅನ್ನ ಕೇಳ್ತದೆ, ಅಷ್ಟೇಯ.”

ಅವನು ಅವಳಿಗೆ ಕೈಸಾಲಿನಲ್ಲಿ ಕಾಲೂರುವುದನ್ನು ಕಲಿಸಿದವನು. ಅವಳು ಹೋಗುವುದು ಅವನಿಗೆ ಬೇಕಿರಲಿಲ್ಲ. ಅವಳು ಪರೀಕ್ಷೆ ಪಾಸಾಗಿ, ಮೇಲೂರಿಗೆ ಹೋಗುವ ದಿನ, ಎಲ್ಲರೆದುರು ಹೇಳಿದ: “ಹೋಗಿ ಬಾ. ಒಂದು ಉಪ್ಪುಗಾಲ ಕಾಣು. ನೀ ನೀರಿನ ಹುಡ್ಗಿ, ಒಣ ನೆಲದಲ್ಲಿ ನಿಂತ್ಕಳೂಕೆ ನಿನ್ ಕಾಲಿಗೆ ಬರೂದಿಲ್ಲ. ನಿನ್ ಜಾಗ ನಾ ಕಾಯ್ತೆ.”

ಜಾಗ ಕಾಯುವುದು ಸುಳ್ಳಲ್ಲ, ಅದು ನಿಯಮ. ಹೊಸ ಅಧಿಕಾರಿಯ ತೋಳಿಗೆ ಮೊದಲು ಹಸಿಪಟ್ಟಿ ಎಂಬ ಬಣ್ಣ ಹಾಕದ ಪಟ್ಟಿ ಕಟ್ಟುತ್ತಾರೆ. ಒಂದು ಉಪ್ಪುಗಾಲ ತಪ್ಪಿಲ್ಲದೆ ಕಳೆದರೆ ಬಣ್ಣದ ಪಟ್ಟಿ, ದೊಡ್ಡ ತಪ್ಪಾದರೆ ಹಿಂದಿನ ಜಾಗ. ಆದ್ದರಿಂದ ಹಸಿಪಟ್ಟಿ ಹೋಗುವ ತನಕ ಸಾಲಿನಲ್ಲಿ ಅವಳ ಜಾಗ ತುಂಬುವ ಹಾಗಿಲ್ಲ. ಜಟ್ಟಣ್ಣ ಮತ್ತು ನಾನು ನಡುವೆ ಒಂದು ಹಗ್ಗದ ಕುಣಿಕೆ ಹಿಡಿದು ನಿಲ್ಲುತ್ತಿದ್ದೆವು. ಹೊನ್ನಕ್ಕ ಹಿಂದೆ ಬಂದರೆ ಅವಳೊಬ್ಬಳದೇ ಸೋಲಲ್ಲ ಎಂದು ಎಲ್ಲರಿಗೂ ತಿಳಿದಿತ್ತು. ಸಾಲಿನವರಿಗೆ ಸಾಲು ಬಿಟ್ಟು ಬೇರೆ ತಿಳಿಯದು ಎಂದು ಮೇಲೂರಿನವರು ಮೊದಲೇ ಹೇಳಿದ್ದರು. ಬಾಗಿಲು ಮುಚ್ಚಲು ಅವರಿಗೆ ಒಂದು ಕಾರಣ ಸಾಕಿತ್ತು.

ಹೊಸ ಅಧಿಕಾರಿಯನ್ನು ಅವರ ಹಳೆಯ ತುಕಡಿಗೆ ಕಳಿಸುವುದಿಲ್ಲ. ಆದರೆ ಈ ಉಪ್ಪುಗಾಲದಲ್ಲಿ ನಮ್ಮ ದಾದಿಗೆ ಕಾಮಾಲೆಯಾಗಿ, ಬದಲಿಗೆ ಯಾರೂ ಸಿಗದೆ, ಹೊನ್ನಕ್ಕನನ್ನೇ ಕಳಿಸಿದರು. ಬಿಳಿ ಅಂಗಿ, ತೋಳಿನಲ್ಲಿ ಹಸಿಪಟ್ಟಿ. ನಾವು ಸಾಲಾಗಿ ನಿಂತು ಸಲಾಮು ಮಾಡಿದೆವು. ಅವಳೂ ಮಾಡಿದಳು, ಆದರೆ ನಮಗಿಂತ ಮೊದಲು. ಸಿಪಾಯಿಯ ಕೈ ಅಲ್ಲವೇ, ತಾನಾಗಿಯೇ ಎದ್ದುಬಿಟ್ಟಿತ್ತು. ಪರ್ಸು ಕೆಮ್ಮಿದ ಹಾಗೆ ಮಾಡಿ ನಕ್ಕ.

ಕಟ್ಟೆ ಒಡೆದದ್ದು ಮಧ್ಯಾಹ್ನ, ತೂಬಿನ ಪಕ್ಕದಲ್ಲಿ. ಶಂಖ ಕೇಳಿದ ಕೂಡಲೇ ನಾವೆಲ್ಲ ಓಡಿದೆವು. ದಾದಿಯ ಜಾಗ ಬೆನ್ನುನೆಲ. ಕಟ್ಟೆಯ ಊರಿನ ಬದಿಯಲ್ಲಿರುವ ಒಣ ದಿಬ್ಬಕ್ಕೆ ಹಾಗೆನ್ನುತ್ತಾರೆ. ಗಾಯಾಳುಗಳನ್ನು ಹೊರುವ ಡೋಲಿಯವರು ಅಲ್ಲಿ ದಾದಿಯ ಮಾತಿಗೆ ಕಾಯುತ್ತಾ ನಿಂತಿರುತ್ತಾರೆ. ನಾನು ಬಿರುಕಿಗೆ ಇಳಿದು ಕುಣಿಕೆಗೆ ಕೈ ಚಾಚಿದಾಗ, ಕೈಗೆ ಸಿಕ್ಕಿದ್ದು ಹಗ್ಗವಲ್ಲ, ಹೊನ್ನಕ್ಕನ ಮಣಿಕಟ್ಟು. ಹಿಡಿದೆ. ಆ ಕಡೆ ಜಟ್ಟಣ್ಣನೂ ಹಿಡಿದ. ನಮ್ಮ ಮೂವರಲ್ಲಿ ಒಬ್ಬರಿಗೂ ಅದು ತಪ್ಪೆಂದು ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸಮಾಧಾನವಾಯಿತು. ಸಾಲು ಪೂರ್ತಿಯಾಗಿತ್ತು. ಕುಣಿಕೆ ನೀರಿನಲ್ಲಿ ತೇಲಿ ಹೋಯಿತು.

ಆಗ ತೂಬಿನ ಬಾಗಿಲಿನ ಹಲಗೆಯೊಂದು ಮುರಿದು ಹಾರಿ, ನಮ್ಮೆದುರು ಚೀಲ ಹಾಕುತ್ತಿದ್ದ ಪರ್ಸುವಿನ ತೊಡೆಗೆ ಬಡಿಯಿತು. ಅವನು ಕೂತುಕೊಂಡ. ಎದ್ದೇಳಲು ನೋಡಿದ, ಮತ್ತೆ ಕೂತ. ಅವನ ಸುತ್ತಲಿನ ಕೆಸರು ಕೆಂಪಾಯಿತು. ಚೀಲದವರೂ ನಿಲ್ಲುವ ಹಾಗಿಲ್ಲ, ಅವರು ಅವನ ಪಕ್ಕದಿಂದ ಸುತ್ತಿ ಓಡಿದರು. ಬೆನ್ನುನೆಲದಿಂದ ಡೋಲಿಯವನು ಕೂಗಿದ: “ದಾದಿ ಎಲ್ಲಿ? ಏ, ದಾದಿ ಅಮ್ಮೋರು ಎಲ್ಲಿ ಹೋದ್ರು?”

ಹೊನ್ನಕ್ಕನೂ ಕತ್ತು ತಿರುಗಿಸಿ ನೋಡಿದಳು. ದಾದಿ ಎಲ್ಲಿ ಎಂದು ಅವಳೂ ಹುಡುಕಿದಳು. ನಾನು ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡುತ್ತಿದ್ದೆ, ಅದರಲ್ಲಿ ದಾದಿಯ ಮೇಲೆ ಸಿಟ್ಟೂ ಇತ್ತು. ಕೈಸಾಲಿನಲ್ಲಿ ಮಾತಾಡುವ ಅಭ್ಯಾಸ ನನಗಿಲ್ಲ. ಹೊರಗೂ ಇಲ್ಲ. ಆದರೂ ಬಾಯಿಂದ ಬಂತು.

“ಅಕ್ಕಾ, ಅದು ನೀನೇ ಅಲ್ದಾ?”

ಅವಳ ನಾಡಿ ನನ್ನ ಬೆರಳಿನಡಿಯಲ್ಲಿ ಒಮ್ಮೆ ನಿಂತ ಹಾಗಾಯಿತು. ತೋಳಿನ ಹಸಿಪಟ್ಟಿ ನೋಡಿಕೊಂಡಳು. ಆಮೇಲೆ ಆ ಕಡೆ ತಿರುಗಿದಳು.

“ಜಟ್ಟಣ್ಣ, ಬಿಡು.”

“ಬಿಡೂಕಾಗೂದಿಲ್ಲ. ಕ್ಯಾಪ್ಟನ್ ಸಾಹೇಬ್ರ ಬಿಡುಮಾತು ಬರ್ಲಿ.”

“ಸಾಹೇಬ್ರು ಆಚೆ ತುದಿಲಿ ಅವ್ರೆ. ಈ ಗಾಳಿಗೆ ಅವ್ರಿಗೆ ಕೇಳೂದೂ ಇಲ್ಲ. ಪರ್ಸು ಸಾಯ್ತ.”

“ಬೀರಮ್ಮ ಸಾಯೂವಾಗ ನೀ ಬಿಟ್ಯಾ? ಸುಮ್ನೆ ನಿಂತ್ಕಳೆ ಹೊನ್ನೀ. ಕಾಲು ಊರು.”

ಅವನು ಕ್ರೂರಿಯಲ್ಲ. ಅವನ ಕಣ್ಣಲ್ಲಿ ನೀರಿತ್ತು. ಅವನು ಹೇಳಿದ್ದು ನಿಯಮವನ್ನು, ಅದೇ ನಿಯಮದಿಂದ ಊರು ನೂರು ವರ್ಷ ಉಳಿದಿದೆ. ಅವನ ಕೈಯಲ್ಲಿದ್ದದ್ದು ಅವನೇ ಬೆಳೆಸಿದ ಹುಡುಗಿಯ ಕೈ. ಲೆಫ್ಟಿನೆಂಟೊಬ್ಬರು ಕೈಸಾಲಿನೊಳಗೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಬಿಡುಮಾತು ಯಾವಾಗಲೂ ಮೇಲಿನಿಂದ, ದಿಬ್ಬದಿಂದ ಬರುತ್ತದೆ. ಎದೆಮಟ್ಟದ ನೀರಿನಲ್ಲಿ ನಮ್ಮ ಪಕ್ಕದಿಂದಲೇ ಬರಬಹುದೆಂದು ನಮಗೆ ಗೊತ್ತಿರಲಿಲ್ಲ. ಅವಳಿಗೂ ಆ ಕ್ಷಣದ ತನಕ ಗೊತ್ತಿರಲಿಲ್ಲವಂತೆ. ತನ್ನನ್ನು ಬಿಡಿಸಲು ಯಾರಾದರೂ ಬರಲಿ ಎಂದು ಅವಳೂ ಕಾದಳು. ಬರಬೇಕಾದವರು ಬೇರೆ ಯಾರೂ ಇರಲಿಲ್ಲ.

ಅವಳು ಉಸಿರು ತೆಗೆದುಕೊಂಡಳು. ಆಮೇಲೆ ಬಂದ ದನಿಯನ್ನು ನಾನು ಅಷ್ಟು ವರ್ಷಗಳಲ್ಲಿ ಕೇಳಿರಲಿಲ್ಲ. ಅದು ಜೋರಾಗಿಯೂ ಇರಲಿಲ್ಲ.

“ನಾಯಕ ಜಟ್ಟಪ್ಪ ಹರಿಕಾಂತ. ಸಿಪಾಯಿ ಸೇವಂತಿ ಗೌಡ. ಲೆಫ್ಟಿನೆಂಟ್ ಹೊನ್ನಮ್ಮ ಅಂಬಿಗ ಹೇಳುತ್ತಿದ್ದೇನೆ. ಕೈ ಬಿಡು.”

ಅಣ್ಣ ಎಂಬ ಮಾತಿಲ್ಲದೆ ಅವನ ಹೆಸರನ್ನು ಅವಳು ಕರೆದದ್ದು ಅದೇ ಮೊದಲು, ನನ್ನ ಪೂರ್ತಿ ಹೆಸರನ್ನೂ. ನನ್ನ ಬೆರಳುಗಳು ನನ್ನನ್ನು ಕೇಳದೆ ತೆರೆದುಕೊಂಡವು. ಎಷ್ಟೋ ಬೆಳಗು ಮರಳಿನ ಮೇಲೆ ಮುಚ್ಚಿರಲು ಕಲಿಸಿದ ಬೆರಳುಗಳು ಒಂದು ಮಾತಿಗೆ ತೆರೆದವಲ್ಲ, ಆ ಬೆರಗು ನನಗೆ ಇನ್ನೂ ಹೋಗಿಲ್ಲ. ಜಟ್ಟಣ್ಣ ಒಂದು ಕ್ಷಣ ಅವಳ ಮುಖ ನೋಡಿದ. “ಅಪ್ಪಣೆ,” ಎಂದ. ಬಿಟ್ಟ.

ಇಲ್ಲಿಂದ ಮುಂದೆ ಹೊನ್ನಕ್ಕನನ್ನು ‘ಅವಳು’ ಎಂದು ಬರೆಯಲು ನನ್ನ ಕೈ ಬರುವುದಿಲ್ಲ.

ಅವರು ಕೆಸರಿನಲ್ಲಿ ತೆವಳಿಕೊಂಡು ಪರ್ಸುವಿನ ಹತ್ತಿರ ಹೋದರು. ಈ ಕಡೆ ನಮ್ಮ ನಡುವೆ ಒಂದಾಳಿನ ತೆರಪು. ನೀರು ಅದನ್ನು ಕಂಡುಹಿಡಿಯಿತು. ಹಗ್ಗ ಹೋಗಿತ್ತು. ನಾನು ಚಾಚಿದೆ, ಜಟ್ಟಣ್ಣ ಚಾಚಿದ, ಬೆರಳ ತುದಿ ತಾಗಿ ಜಾರಿತು. ಆಚೀಚೆಯವರು ನಮ್ಮ ಕಷ್ಟ ನೋಡಿ, ಯಾರೂ ಹೇಳದೆಯೇ, ಒಂದೊಂದು ಹೆಜ್ಜೆ ಒಳಗೆ ಸರಿದರು. ಇಡೀ ಸಾಲು ಸರಿಯಿತು. ಅವನ ಮಣಿಕಟ್ಟು ನನ್ನ ಕೈಗೆ ಬಂತು. ಎದುರಿಗೆ ಹೊನ್ನಮ್ಮನವರು ಪರ್ಸುವಿನ ತೊಡೆಯ ಸಂದಿಗೆ ಮುಷ್ಟಿ ಒತ್ತಿ, ಅದರ ಮೇಲೆ ತಮ್ಮ ಮೈಯ ಭಾರವನ್ನೆಲ್ಲ ಹಾಕಿ ಕೂತಿದ್ದರು. ಡೋಲಿಯವರನ್ನು ಕೂಗಿ ಕರೆದರು. ಅವರು ಬಂದು ಪಟ್ಟಿ ಬಿಗಿದು ಅವನನ್ನು ಎತ್ತುವ ತನಕ ಕೈ ತೆಗೆಯಲಿಲ್ಲ. ಕಣ್ಣು ಮುಚ್ಚದ ಹಾಗೆ ಅವನಿಗೆ ಬೈಯುತ್ತಿದ್ದರು. ಅವನು, “ನಂಗೂ ಊಟ ಹಾಕಿ ಅಮ್ಮಾ, ಎಲುಬು ಕಾಣ್ತದೆ,” ಎಂದನಂತೆ. ಚೀಲಗಳು ಏರಿದವು. ಕಟ್ಟೆ ನಿಂತಿತು. ಪರ್ಸು ಈಗ ಕುಂಟುತ್ತಾನೆ, ಆದರೆ ಬಾಯಿಗೇನೂ ಆಗಿಲ್ಲ.

ಮರುವಾರ ವಿಚಾರಣೆ ನಡೆಯಿತು. ಮೇಲೂರಿನಿಂದ ಕರ್ನಲ್ ಸಾಹೇಬರು ಬಂದಿದ್ದರು. ಬಹಳ ಓದಿದ, ಮೆತ್ತಗೆ ಮಾತಾಡುವ ಹೆಂಗಸು. ಕೈ ಬಿಟ್ಟ ಇಬ್ಬರನ್ನೂ ಒಳಗೆ ಕರೆದರು. ಹೊನ್ನಮ್ಮನವರು ಮೊದಲೇ ಹೇಳಿಬಿಟ್ಟರು, ದಾದಿಯ ಜಾಗ ಬಿಟ್ಟದ್ದು ತಮ್ಮ ತಪ್ಪು, ಕಾಲು ಹಳೆಯ ಜಾಗಕ್ಕೆ ಹೋಯಿತು, ಸುಳ್ಳು ಹೇಳುವುದಿಲ್ಲ ಎಂದು. ಕರ್ನಲ್ ಸಾಹೇಬರು ಜಟ್ಟಣ್ಣನ ಕಡೆ ತಿರುಗಿದರು. ಯಾರ ಮಾತಿಗೆ ಕೈ ಬಿಟ್ಟಿರಿ ಎಂದು ಕೇಳಿದರು. ‘ಹಳೆಯ ಗೆಳತಿ ಕೇಳಿಕೊಂಡಳು, ಬಿಟ್ಟೆ’ ಎಂದು ಅವನು ಹೇಳಿದ್ದರೆ ಸಾಕಿತ್ತು. ಬಿಡುಮಾತು ಬಿಡುಮಾತಾಗುತ್ತಿರಲಿಲ್ಲ, ಹಸಿಪಟ್ಟಿ ಅಂದೇ ಬಿಚ್ಚಿಹೋಗುತ್ತಿತ್ತು. ಅವನ ಹೊನ್ನಿ ಅವನ ಪಕ್ಕಕ್ಕೆ ಮರಳಿ ಬರುತ್ತಿದ್ದಳು. ಅವನಿಗೆ ಅದು ಬೇಕಾಗಿತ್ತು ಎಂದು ಇಡೀ ತುಕಡಿಗೆ ಗೊತ್ತಿತ್ತು.

“ಲೆಫ್ಟಿನೆಂಟ್ ಅಮ್ಮೋರು ಬಿಡುಮಾತು ಕೊಟ್ರು. ನಾ ಬಿಟ್ಟೆ,” ಎಂದ.

“ಅವರು ಸಾಲಿನೊಳಗೆ ಯಾಕಿದ್ದರು?”

“ಅಧಿಕಾರಿಗಳು ಎಲ್ಲಿ ನಿಲ್ಬೇಕು ಹೇಳಿ ನಾಯಕ ಹೇಳೂಕಾಗ್ತದಾ ಸಾಹೇಬ್ರೆ?”

ಕರ್ನಲ್ ಸಾಹೇಬರ ತುಟಿ ಸ್ವಲ್ಪ ಅಲುಗಿತು. ಕೊನೆಗೆ ತೀರ್ಪು ಹೇಳಿದರು. ಜಾಗ ಬಿಟ್ಟದ್ದಕ್ಕೆ ಹಸಿಪಟ್ಟಿ ಇನ್ನೊಂದು ಉಪ್ಪುಗಾಲ ಇರಬೇಕು. ಬಿಡುಮಾತು ಸರಿಯಾಗಿದೆ. ನಿಯಮದಂತೆ, ಸಾಲಿನಲ್ಲಿ ಅವರ ಜಾಗ ಇನ್ನೊಂದು ವರ್ಷ ಖಾಲಿ ಇರಲಿ.

ಜಟ್ಟಣ್ಣ ಹೋಗದೆ ನಿಂತಿದ್ದ. ಮತ್ತೇನು ಎಂದು ಕೇಳಿದರು.

“ಕುಣಿಕೆ ಬೇಡ ಸಾಹೇಬ್ರೆ,” ಎಂದ. “ಜಾಗ ಆ ದಿವಸವೇ ಮುಚ್ಚಿಹೋಯ್ತು. ಈಗ ತೆರೆಯೂಕೆ ನಮ್ಗೆ ಬರೂದಿಲ್ಲ.”

ಹೊನ್ನಮ್ಮನವರು ಅವನನ್ನು ನೋಡಿದರು. ಅವನು ನೇರವಾಗಿ ಗೋಡೆ ನೋಡುತ್ತಾ, ಎದೆಯುಬ್ಬಿಸಿ, ಹೊಸ ಸಿಪಾಯಿಯ ಹಾಗೆ ನಿಂತಿದ್ದ. ಸಲಾಮು ಹೊಡೆದ. ಈ ಸಲ ಅವರ ಕೈ ಅವನದಕ್ಕಿಂತ ಆಮೇಲೆ ಎದ್ದಿತು.

ಕಾಗದ ಉದ್ದವಾಯಿತು. ನನ್ನ ಕೋರಿಕೆ ಇಷ್ಟೇ. ನೀವು ಹೊರಡುವುದಾದರೆ ಹೊರಡಿ. ನಿಮ್ಮ ಜೊತೆಯವರು ಗೇಲಿ ಮಾಡಿಯಾರು, ಮರಳಿ ಬರುತ್ತೀ ನೋಡು ಎಂದಾರು, ಕೈ ಬಿಗಿಯಾಗಿ ಹಿಡಿದಾರು. ಅದು ಸಿಟ್ಟಲ್ಲ, ಅವರಿಗೆ ಬಿಡಲು ಯಾರೂ ಕಲಿಸಿಲ್ಲ. ಬಿಡುವಂತೆ ನೀವೇ ಹೇಳಬೇಕಾಗುತ್ತದೆ, ಮತ್ತು ಅವರ ಪೂರ್ತಿ ಹೆಸರು ಕರೆದು ಹೇಳಬೇಕಾಗುತ್ತದೆ. ನಿಮ್ಮ ಹಿಂದೆ ತೆರಪಾದೀತು, ಅಲ್ಲಿ ನೀರು ನುಗ್ಗೀತು ಎಂದು ತಿರುಗಿ ನೋಡುತ್ತಾ ನಿಲ್ಲಬೇಡಿ. ಎದುರಿಗೆ ಒಬ್ಬರು ಬಿದ್ದಿದ್ದಾರೆ, ಅವರ ಕಡೆ ಹೋಗಿ. ಇಲ್ಲಿ ನಾವು ಒಂದೊಂದು ಹೆಜ್ಜೆ ಸರಿದು ಹಿಡಿದುಕೊಳ್ಳುತ್ತೇವೆ.

ಇಂತಿ,
ಸೇವಂತಿ ಗೌಡ, ಸಿಪಾಯಿ
ತೂಬಿನ ಕಡೆಯಿಂದ ಈಗ ಮೂರನೆಯವಳು